ಬಾಗಿಲಲ್ಲಿ ಜನ, ನಡುವೆ ಜಾಗ

ಬೆಳಗ್ಗೆ ಎಂಟೂವರೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದಾದರೂ ಸ್ಟಾಪಿನಲ್ಲಿ ನಿಂತು ನೋಡಿ. ಬಸ್ ಬರುತ್ತದೆ. ಬಾಗಿಲಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ. ಮೆಟ್ಟಿಲ ಮೇಲೆ ನಿಂತವರ ಬ್ಯಾಗು, ಮೊಣಕೈ, ಊಟದ ಡಬ್ಬಿಗಳ ನಡುವೆ ಹೇಗೋ ತೂರಿಕೊಂಡು ಹತ್ತಬೇಕು. ಹತ್ತಿ, ಕಂಬಿ ಹಿಡಿದು, ತಲೆ ಎತ್ತಿ ನೋಡಿದರೆ ಬಸ್ಸಿನ ನಡುವೆ ಏಳೆಂಟು ಜನ ಆರಾಮಾಗಿ ನಿಲ್ಲುವಷ್ಟು ಜಾಗ ಖಾಲಿ ಇರುತ್ತದೆ. ಹತ್ತಲಾಗದೆ ಸ್ಟಾಪಿನಲ್ಲೇ ಉಳಿದವರು ಹಿಂದಿನ ಗಾಜಿನಲ್ಲಿ ಇನ್ನೂ ಕಾಣುತ್ತಿರುತ್ತಾರೆ.

ಬಸ್ಸಿನಲ್ಲಿ ನಾವು ನಡೆದುಕೊಳ್ಳುವ ರೀತಿಯ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಜೋರಾಗಿ ರೀಲ್ಸ್ ಹಾಕಿಕೊಳ್ಳುವವರು, ಕಿಟಕಿಯಿಂದ ಉಗಿಯುವವರು, ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟುಕೊಂಡು ಕಣ್ಣು ಮುಚ್ಚುವವರು, ಎಲ್ಲರ ಬಗ್ಗೆಯೂ ಹೇಳುವುದಿದೆ. ಆದರೆ ನನ್ನನ್ನು ಜಾಸ್ತಿ ಕಾಡುವುದು ಈ ಬಾಗಿಲು. ಉಳಿದ ತೊಂದರೆಗಳು ಅಕ್ಕಪಕ್ಕದವರಿಗೆ ತಟ್ಟುತ್ತವೆ, ಅಷ್ಟೇ. ಬಾಗಿಲಲ್ಲಿ ಜನ ಗಟ್ಟಿಯಾದರೆ ಆ ಬಸ್ಸನ್ನು ಕಣ್ಣಿಂದ ನೋಡದವರಿಗೂ ತಟ್ಟುತ್ತದೆ.

ಹೇಗೆ ಅಂತೀರಾ? ಬಾಗಿಲಲ್ಲಿ ದಾರಿ ಇದ್ದರೆ ಸ್ಟಾಪಿನ ಕೆಲಸ ಬೇಗ ಮುಗಿಯುತ್ತದೆ. ದಾರಿ ಇಲ್ಲದಿದ್ದರೆ ಇಳಿಯುವವರು ಒಳಗಿಂದ "ಸ್ವಲ್ಪ ಜರುಗಿ, ಸ್ವಲ್ಪ ಜರುಗಿ" ಅಂತ ಬರಬೇಕು, ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಕೆಳಗಿಳಿದು ದಾರಿ ಬಿಟ್ಟು ಮತ್ತೆ ಹತ್ತಬೇಕು, ಅಷ್ಟರಲ್ಲಿ ಕೆಳಗೆ ಕಾದವರು ನುಗ್ಗುತ್ತಾರೆ, ಒಬ್ಬರಿಗೊಬ್ಬರು ಡಿಕ್ಕಿ. ಬಸ್ ಅಲ್ಲೇ ನಿಂತಿರುತ್ತದೆ. ಹೀಗೆ ಪ್ರತಿ ಸ್ಟಾಪಿನಲ್ಲೂ ಸ್ವಲ್ಪ ಸ್ವಲ್ಪ ತಡವಾದರೆ, ಮುಂದಿನ ಸ್ಟಾಪಿನಲ್ಲಿ ಕಾಯುವವರು ಅಷ್ಟರಮಟ್ಟಿಗೆ ಜಾಸ್ತಿಯಾಗಿರುತ್ತಾರೆ. ಅವರನ್ನೆಲ್ಲ ಹತ್ತಿಸಿಕೊಳ್ಳಲು ಇನ್ನಷ್ಟು ಹೊತ್ತು ಬೇಕು. ಹಿಂದೆ ಬರುವ ಬಸ್ಸಿಗೆ ಜನವೇ ಉಳಿದಿರುವುದಿಲ್ಲ. ಅದು ಸಲೀಸಾಗಿ ಓಡಿ ಮುಂದಿನದನ್ನು ಹಿಡಿದುಬಿಡುತ್ತದೆ. ಅರ್ಧ ಗಂಟೆ ಬಸ್ಸೇ ಇಲ್ಲ, ಆಮೇಲೆ ಒಂದೇ ನಂಬರಿನ ಎರಡು ಬಸ್ ಒಂದರ ಹಿಂದೆ ಒಂದು ಅಂತ ನಾವೆಲ್ಲ ಬೈಯುತ್ತೇವಲ್ಲ, ಅದು ಹೀಗೂ ಆಗುತ್ತದೆ. 1964ರಷ್ಟು ಹಿಂದೆಯೇ ಗಾರ್ಡನ್ ನ್ಯೂವೆಲ್ ಮತ್ತು ರೆನ್‌ಫ್ರೀ ಪಾಟ್ಸ್ ಅನ್ನುವ ಇಬ್ಬರು ಗಣಿತ ಬಲ್ಲವರು ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಒಂದು ಬಸ್ಸಿಗೆ ಆದ ಚಿಕ್ಕ ತಡವೇ ಬೆಳೆಯುತ್ತ ಹೋಗಿ ಬಸ್ಸುಗಳನ್ನು ಜೋಡಿ ಮಾಡಿಬಿಡುತ್ತದೆ ಅನ್ನುವುದು ಅವರ ಲೆಕ್ಕ. ಟ್ರಾಫಿಕ್ಕು, ಸಿಗ್ನಲ್ಲು, ಬಸ್ಸಿನ ಕೊರತೆ, ಇವೆಲ್ಲ ದೊಡ್ಡ ಕಾರಣಗಳೇ. ಆದರೆ ನಮ್ಮ ಕೈಯಲ್ಲಿರುವುದು ಬಾಗಿಲು ಒಂದೇ. ಮಾರತಹಳ್ಳಿಯಲ್ಲಿ ಬಿಸಿಲಲ್ಲಿ ಮಗು ಎತ್ತಿಕೊಂಡು ನಿಂತವರ ಕಾಯುವಿಕೆಯಲ್ಲಿ, ಬನಶಂಕರಿಯಲ್ಲಿ ಮೆಟ್ಟಿಲು ಬಿಟ್ಟು ಒಳಗೆ ಹೋಗದವರ ಪಾಲೂ ಇದೆ.

ಕಂಡಕ್ಟರ್ ಪಾಡು ಇನ್ನೊಂದು. ಸ್ಟೇಜ್ ಮುಗಿಯುವುದರೊಳಗೆ ಅವರು ಎಲ್ಲರಿಗೂ ಟಿಕೆಟ್ ಕೊಟ್ಟಿರಬೇಕು. ಚೆಕಿಂಗ್‌ನವರು ಹತ್ತಿದಾಗ ಟಿಕೆಟ್ ಇಲ್ಲದವರು ಸಿಕ್ಕರೆ ದಂಡ ಪ್ರಯಾಣಿಕರಿಗೆ, ಮೆಮೊ ಕಂಡಕ್ಟರಿಗೆ. ಹಿಂದಿನ ಬಾಗಿಲಲ್ಲೊಂದು ಗೋಡೆ, ಮುಂದಿನ ಬಾಗಿಲಲ್ಲೊಂದು ಗೋಡೆ ಎದ್ದರೆ ಆ ಮನುಷ್ಯ ಮುಂದೆ ಬರುವುದು ಹೇಗೆ? ಒಂದು ಕೈಯಲ್ಲಿ ಟಿಕೆಟ್ ಮಷೀನು, ಕಂಕುಳಲ್ಲಿ ಚಿಲ್ಲರೆ ಚೀಲ, ಬಸ್ಸಿನ ಓಲಾಟ. ಕೊನೆಗೆ ಬೇರೆ ದಾರಿ ಕಾಣದೆ ರಸ್ತೆ ಪಕ್ಕ ಬಸ್ ನಿಲ್ಲಿಸಿ ಟಿಕೆಟ್ ಮಾಡಿಸುತ್ತಾರೆ. ಆಗ ನೋಡಬೇಕು ಜನರ ಸಿಟ್ಟು. "ಏನ್ರೀ, ನಮಗೇನು ಕೆಲಸ ಇಲ್ವಾ?" ಅಂತ ಮೊದಲು ಕೂಗುವವರು ಎಷ್ಟೋ ಸಲ ಬಾಗಿಲಲ್ಲಿ ನಿಂತವರೇ ಆಗಿರುತ್ತಾರೆ. "ಒಳಗೆ ಹೋಗಿ ಸ್ವಾಮಿ, ಜಾಗ ಇದೆ" ಅಂತ ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿಕೊಂಡ ಕಂಡಕ್ಟರ್ ತಿರುಗಿ ಒಂದು ಮಾತಾಡಿದರೆ, ಮೊಬೈಲ್ ತೆಗೆದು ವಿಡಿಯೊ ಮಾಡುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ಅವರು ಯಾಕೆ ಒಳಗೆ ಹೋಗುವುದಿಲ್ಲ? ಇದನ್ನು ನಾನು ಬಾಗಿಲಲ್ಲಿ ನಿಂತವರನ್ನೇ ಕೇಳಿದ್ದೇನೆ. ಜಗಳಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳೋಣ ಅಂತ.

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬರು ಇದ್ದಾರೆ. ಆಗಾಗ ಒಂದೇ ಬಸ್ಸಿನಲ್ಲಿ ಸಿಗುತ್ತಾರೆ. ಯಾವಾಗಲೂ ಮುಂದಿನ ಬಾಗಿಲ ಪಕ್ಕದ ಕಂಬಿಗೆ ಅಂಟಿಕೊಂಡೇ ನಿಲ್ಲುತ್ತಾರೆ. ತೋಳಿಗೆ ಬಟ್ಟೆ ಅಂಗಡಿಯ ಕೈಚೀಲ, ಅದರಲ್ಲಿ ಡಬ್ಬಿ ಮತ್ತು ನೀರಿನ ಬಾಟಲಿ, ಇನ್ನೊಂದು ಕೈ ಕಂಬಿಯಿಂದ ಅಲುಗುವುದಿಲ್ಲ. ಒಂದು ದಿನ, "ಅಕ್ಕಾ, ಸಿಲ್ಕ್ ಬೋರ್ಡ್ ಇನ್ನೂ ದೂರ ಇದೆ, ಒಳಗೆ ಬನ್ನಿ, ಜಾಗ ಇದೆಯಲ್ಲ" ಅಂದೆ.

"ಬರಬಹುದು ಮೇಡಂ, ಆಚೆ ಬರೋದು ಹೆಂಗೆ?" ಅಂದರು. "ಹೋದ ಸಲ ಒಳಗೆ ನಿಂತಿದ್ದೆ. ಇಳೀಬೇಕು ಇಳೀಬೇಕು ಅಂತ ಕೂಗ್ತಾನೇ ಇದ್ದೆ, ಒಬ್ರೂ ಅಲ್ಲಾಡಲಿಲ್ಲ. ಬಸ್ ಬಿಟ್ಟೇ ಹೋಯ್ತು. ಮುಂದಿನ ಸ್ಟಾಪಿಂದ ವಾಪಸ್ ನಡ್ಕೊಂಡು ಬಂದೆ. ಗೇಟಲ್ಲಿ ಅರ್ಧ ದಿನ ಕಟ್ ಮಾಡಿದ್ರು."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಗಿಲಲ್ಲಿ ನಿಲ್ಲುವವರೆಲ್ಲ ಸೊಕ್ಕಿನವರು ಅಂತ ಸುಮ್ನೆ ಹೇಳಿಬಿಡುವುದು ಸುಲಭ. ಅಂಥವರೂ ಇದ್ದಾರೆ. ಗಾಳಿಗೆ ಅಂತ ಫುಟ್‌ಬೋರ್ಡಿನಲ್ಲಿ ನೇತಾಡುವ ಹುಡುಗರಿಗೆ ಯಾವ ಹೆದರಿಕೆಯೂ ಇಲ್ಲ. ಆದರೆ ನಾನು ಕಂಡ ಹೆಚ್ಚಿನವರನ್ನು ಅಲ್ಲಿ ನಿಲ್ಲಿಸಿರುವುದು ಭಯ. ಒಳಗೆ ಹೋದರೆ ಇಳಿಯಲು ಬಿಡುವುದಿಲ್ಲ ಅನ್ನುವ ಭಯ. ಆ ಭಯ ಸುಳ್ಳೂ ಅಲ್ಲ. ಒಳಗಿದ್ದವರಿಗೆ ದಾರಿ ಬಿಡದೆ ಬಿಡದೆ, ಇಳಿಯಬೇಕಾದವರನ್ನು ನಾವೇ ಬಾಗಿಲಿಗೆ ಅಟ್ಟಿದ್ದೇವೆ. ಅವರು ಅಲ್ಲಿ ನಿಂತಿರುವುದರಿಂದ ಮಿಕ್ಕವರಿಗೆ ಇಳಿಯುವುದು ಇನ್ನೂ ಕಷ್ಟ. ಹಾಗಾಗಿ ಮಿಕ್ಕವರೂ ಬಾಗಿಲಿಗೇ ಬರುತ್ತಾರೆ.

ಆದ್ದರಿಂದ ನನ್ನ ಸಿಟ್ಟು ಈಗ ಬೇರೆ ಕಡೆ ತಿರುಗಿದೆ. ಯಾರಾದರೂ "ಇಳೀಬೇಕು" ಅಂದಾಗ ಅಲ್ಲಾಡದವರ ಮೇಲೆ. ಕಿವಿಗೆ ಇಯರ್‌ಫೋನ್, ಕಣ್ಣು ಮೊಬೈಲಿಗೆ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಈ ಬ್ಯಾಗಿನ ವಿಷಯ ಸ್ವಲ್ಪ ಹೇಳಲೇಬೇಕು. ಬೆನ್ನಿಗೆ ಹಾಕಿಕೊಂಡವರಿಗೆ ಅದು ಎಲ್ಲಿ ತಾಗುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಒಮ್ಮೆ ಬಿಟಿಎಂ ದಾಟುವಾಗ ಎತ್ತರದ ಹುಡುಗನೊಬ್ಬ ಸ್ಟಾಪಿನ ಹೆಸರು ನೋಡಲು ಆ ಕಡೆ ಈ ಕಡೆ ತಿರುಗುತ್ತಿದ್ದ. ಅವನು ತಿರುಗಿದಾಗಲೆಲ್ಲ ಬ್ಯಾಗಿನ ಜಿಪ್ಪು, ಅಂಚಿನ ಸೀಟಿನಲ್ಲಿ ಅಮ್ಮನ ತೊಡೆ ಮೇಲೆ ಕೂತಿದ್ದ ಯೂನಿಫಾರ್ಮ್ ಹಾಕಿದ ಹುಡುಗಿಯ ಕೆನ್ನೆಗೆ ಉಜ್ಜುತ್ತಿತ್ತು. ಆ ಮಗು ಅಳಲಿಲ್ಲ. ಬ್ಯಾಗ್ ಬಂದಾಗಲೆಲ್ಲ ಎರಡೂ ಅಂಗೈ ಕೆನ್ನೆಗೆ ಅಡ್ಡ ಹಿಡಿದುಕೊಳ್ಳುತ್ತಿತ್ತು, ಹೋದಮೇಲೆ ಇಳಿಸುತ್ತಿತ್ತು. ಅಷ್ಟು ಚಿಕ್ಕ ಮಗುವಿಗೆ ಅದು ಆಗಲೇ ರೂಢಿಯಾಗಿಬಿಟ್ಟಿತ್ತು. "ಬ್ಯಾಗ್ ಮುಂದಕ್ಕೆ ಹಾಕ್ಕೊಳಪ್ಪಾ, ಮಗೂಗೆ ತಾಗ್ತಿದೆ" ಅಂತ ಅವಳಮ್ಮ ಹೇಳಿದ್ದೇ ತಡ, ಆ ಹುಡುಗ ಗಾಬರಿಯಾಗಿ "ಸಾರಿ ಆಂಟಿ" ಅಂತ ತಕ್ಷಣ ತೆಗೆದು ಕಾಲ ಮಧ್ಯೆ ಇಟ್ಟುಕೊಂಡ. ಒಳ್ಳೆಯ ಹುಡುಗನೇ. ಯಾರೂ ಅವನಿಗೆ ಹೇಳಿರಲಿಲ್ಲ.

ಹೇಳಿದರೆ ಕೇಳುವವರೇ ಜಾಸ್ತಿ, ಇದು ನನ್ನ ಅನುಭವ. ಕೇಳದವರು ಇಲ್ಲವೆಂದಲ್ಲ. ಮಹಿಳೆಯರಿಗೆ ಮೀಸಲು ಅಂತ ಕಿಟಕಿಯ ಮೇಲೆ ದೊಡ್ಡದಾಗಿ ಬರೆದಿದ್ದರೂ ಅದರ ಕೆಳಗೆ ಕೂತು ಹೊರಗೆ ನೋಡುವ ಗಂಡಸರು ಇದ್ದೇ ಇದ್ದಾರೆ. ಸಿಕ್ಕಿಬಿದ್ದರೆ 100 ರೂಪಾಯಿ ದಂಡ ಇದೆ. ದಂಡಕ್ಕಿಂತ ಅಲ್ಲಿ ನಡೆಯುವ ಮಾತು ಬೇಸರ. "ಕೇಳಿದ್ರೆ ಎದ್ದು ಬಿಡ್ತೀನಲ್ಲ" ಅನ್ನುತ್ತಾರೆ. ಕೇಳಲಿಕ್ಕೂ ಧೈರ್ಯ ಬೇಕು. ಊರಿಂದ ಹೊಸದಾಗಿ ಬಂದ ಹುಡುಗಿ, ಕನ್ನಡ ಬರದೆ ಕೆಲಸಕ್ಕೆ ಬಂದವಳು, ಸೊಂಟ ನೋವಿನ ಅಜ್ಜಿ, ಇವರು ಕೇಳುವುದಿಲ್ಲ. ಕಂಬಿ ಹಿಡಿದು ನಿಂತೇ ಹೋಗುತ್ತಾರೆ. ಕೇಳುವ ಮೊದಲೇ ಏಳಲಿ ಅಂತಲೇ ಅಲ್ಲವಾ ಅಲ್ಲಿ ಬರೆದಿರುವುದು?

ಹೆಂಗಸರೇ ಹೆಂಗಸರಿಗೆ ಸೀಟು ಬಿಡದಿರುವುದನ್ನೂ ನೋಡಿದ್ದೇನೆ. ಹೊಟ್ಟೆ ಹೊತ್ತುಕೊಂಡು ನಿಂತವಳು ಎದುರಿಗೇ ಇದ್ದರೂ ಎರಡು ಸಾಲಿನ ಜನಕ್ಕೆ ಒಟ್ಟಿಗೆ ನಿದ್ದೆ ಬಂದುಬಿಡುತ್ತದೆ. ಅಂಥ ಹೊತ್ತಿನಲ್ಲಿ ಎದ್ದು ಸೀಟು ಕೊಡುವವರು ಯಾರು ಅಂತ ಗಮನಿಸುತ್ತ ಬಂದಿದ್ದೇನೆ. ಮಾರ್ಕೆಟ್ಟಿಂದ ಹೂವಿನ ಬುಟ್ಟಿ ತಂದವರು, ನಾಲ್ಕು ಮನೆ ಪಾತ್ರೆ ತೊಳೆದು ಬಂದವರು, ದಿನವಿಡೀ ನಿಂತು ಕೆಲಸ ಮಾಡುವ ಅಂಗಡಿ ಹುಡುಗಿಯರು. "ಬಾರಮ್ಮ, ಕೂತ್ಕೋ" ಅಂತ ಎದ್ದುಬಿಡುತ್ತಾರೆ. ನಿಲ್ಲುವುದು ಎಷ್ಟು ಕಷ್ಟ ಅಂತ ಅವರ ಕಾಲಿಗೆ ಗೊತ್ತು.

ಜನಜಂಗುಳಿಯನ್ನು ನೆಪ ಮಾಡಿಕೊಂಡು ಹೆಂಗಸರಿಗೆ ಒತ್ತಿಕೊಂಡು ನಿಲ್ಲುವ ಗಂಡಸರನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಅದು ಅಸಭ್ಯತೆಯೂ ಅಲ್ಲ, ಅಜಾಗರೂಕತೆಯೂ ಅಲ್ಲ. ಅದು ಅಪರಾಧ. ನಿರ್ಭಯಾ ನಿಧಿಯಿಂದ ಬಸ್ಸುಗಳಲ್ಲಿ ಕ್ಯಾಮೆರಾ, ಪ್ಯಾನಿಕ್ ಬಟನ್ ಹಾಕಿರುವುದು ಅದಕ್ಕೇ. ಪಕ್ಕದಲ್ಲಿರುವವರು ದನಿ ಎತ್ತಬೇಕು ಅಂತ ಮಾತ್ರ ಹೇಳುತ್ತೇನೆ. ಒಬ್ಬಳೇ ಕೂಗಿದರೆ "ರಶ್ ಇದೆಯಮ್ಮ, ತಾಗುತ್ತೆ" ಅಂತ ಅವಳನ್ನೇ ಸುಮ್ಮನಾಗಿಸುತ್ತಾರೆ. ಎರಡನೆಯ ದನಿ ಸೇರಿದ ಕೂಡಲೇ ಆ ಮನುಷ್ಯ ಹಿಂದಕ್ಕೆ ಸರಿಯುವುದನ್ನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಮಾತು ಈಚಿನ ವರ್ಷಗಳಲ್ಲಿ ಶುರುವಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಏನು ತೊಂದರೆಯಾದರೂ ಕಾರಣ ಒಂದೇ. "ಫ್ರೀ ಅಂತ ಎಲ್ಲಾ ಮನೆ ಬಿಟ್ಟು ಬಂದಿದ್ದಾರೆ." ಇದನ್ನು ಹೆಂಗಸರ ಎದುರಿಗೇ, ಅವರಿಗೆ ಕೇಳಿಸಲಿ ಅಂತಲೇ ಹೇಳುತ್ತಾರೆ. ಜನ ಜಾಸ್ತಿಯಾಗಿರುವುದು ನಿಜ. ಆ ಜನಕ್ಕೆ ತಕ್ಕಷ್ಟು ಬಸ್ ಬೇಕು ಅಂತ ಕೇಳುವುದು ನ್ಯಾಯ. ಆದರೆ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡವಳು ಟಿಕೆಟ್ ಇಲ್ಲದೆ ಹತ್ತಿದವಳಲ್ಲ. ಆ ಟಿಕೆಟಿನ ಲೆಕ್ಕ ಹಿಡಿದೇ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡಬೇಕು. ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತ ಬಂದವಳು ಈಗ ಜಯದೇವ ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿಯುತ್ತಾಳೆ. ದೂರದ ಕೆಲಸಕ್ಕೆ ಹೋದರೆ ಸಂಬಳ ಬಸ್ ಚಾರ್ಜಿಗೇ ಸರಿ ಹೋಗುತ್ತದೆ ಅಂತ ಮನೆ ಪಕ್ಕದಲ್ಲೇ ಕಡಿಮೆ ದುಡ್ಡಿಗೆ ದುಡಿಯುತ್ತಿದ್ದವಳು ಈಗ ಎರಡು ಬಸ್ ಬದಲಾಯಿಸಿ ಬರುತ್ತಾಳೆ. ಅವಳಿಗೆ "ಸುಮ್ನೆ ತಿರುಗೋಕೆ ಬಂದಿದ್ದೀಯ" ಅನ್ನುವುದು ಬಸ್ಸಿನಲ್ಲಿ ಉಗಿಯುವುದಕ್ಕಿಂತ ಕೆಟ್ಟದ್ದು. ಹೋಗಲಿ, ತಿರುಗೋಕೇ ಬಂದಿದ್ದರೆ ತಪ್ಪೇನು? ಗಂಡಸರು ತಿರುಗುವುದಿಲ್ಲವಾ?

ಅದೇ ಹೊತ್ತಿಗೆ ಇದೂ ನಿಜ. ನಮ್ಮೂರ ಕಡೆ ಹೋಗುವ ಕೆಂಪು ಬಸ್ಸಿನಲ್ಲಿ ವಯಸ್ಸಾದ ಗಂಡಸರು ನಿಂತು ಹೋಗುವುದನ್ನು ನೋಡಿದರೆ ಕಷ್ಟವಾಗುತ್ತದೆ. ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳ ಬಸ್ಸುಗಳಲ್ಲಿ ಶೇ 50ರಷ್ಟು ಸೀಟು ಗಂಡಸರಿಗೆ ಅಂತ ಶಕ್ತಿ ಯೋಜನೆಯ ಆದೇಶದಲ್ಲೇ ಇದೆ. ಅದನ್ನು ಗಂಡಸರೂ ಕೇಳುವುದಿಲ್ಲ, ಹೆಂಗಸರೂ ನೆನಪಿಟ್ಟುಕೊಳ್ಳುವುದಿಲ್ಲ. ಮೀಸಲು ಸೀಟು ಅನ್ನುವುದನ್ನು ನಾವು ಗೌರವಿಸುವುದಾದರೆ ಎರಡೂ ಕಡೆ ಗೌರವಿಸಬೇಕು.

ಊರ ಬಸ್ಸು ಅಂದಮೇಲೆ ಕರ್ಚೀಫಿನ ಮಾತು ಬರಲೇಬೇಕು. ಗೌರಿ ಗಣೇಶ, ದೀಪಾವಳಿ, ಯುಗಾದಿಯ ಹಿಂದಿನ ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ ಪ್ಲಾಟ್‌ಫಾರ್ಮಿಗೆ ತಿರುಗುವ ಮೊದಲೇ ಕಿಟಕಿಗಳಿಗೆ ಕೈಗಳು ಬೀಳುತ್ತವೆ. ಕರ್ಚೀಫು, ಟವೆಲ್ಲು, ನೀರಿನ ಬಾಟಲಿ, ಕೆಲವು ಸಲ ಮಗುವನ್ನೇ ಕಿಟಕಿಯಿಂದ ಒಳಗೆ ಬಿಡುತ್ತಾರೆ. ಸಾಲಿನಲ್ಲಿ ನಿಂತು ಬಾಗಿಲಿಂದ ಹತ್ತಿದವರಿಗೆ ಸಿಗುವುದು ಮೂರು ಜನರ ಸೀಟಿನ ಮೇಲೆ ಮಡಿಸಿಟ್ಟ ಒಂದು ಟವೆಲ್ಲು, ಜೊತೆಗೆ "ಜನ ಇದ್ದಾರೆ" ಅನ್ನುವ ಉತ್ತರ. ಆ ಜನ ಇನ್ನೂ ಟೀ ಕುಡಿಯುತ್ತಿರುತ್ತಾರೆ. ಕಿಟಕಿಗೆ ಕೈ ಎಟುಕದವರು, ಓಡಲಾಗದವರು, ಎರಡೂ ಕೈಯಲ್ಲಿ ಸಾಮಾನು ಇರುವವರು ಈ ಆಟದಲ್ಲಿ ಮೊದಲೇ ಸೋತಿರುತ್ತಾರೆ. ಬಸ್ಸಿನ ಸೀಟು ಅವರಿಗೇ ಹೆಚ್ಚು ಬೇಕಾಗಿರುತ್ತದೆ. ಎಷ್ಟೋ ವರ್ಷದಿಂದ ನಡೆದು ಬಂದಿದೆ ಅಂತ ಇದನ್ನು ಒಪ್ಪಿಕೊಂಡುಬಿಟ್ಟಿದ್ದೇವೆ. ನಾನು ಒಪ್ಪುವುದಿಲ್ಲ. ಹತ್ತಿದವರಿಗೆ ಸೀಟು. ಟವೆಲ್ಲಿಗೆ ಟಿಕೆಟ್ ಇಲ್ಲ.

ಮೊಬೈಲ್ ಗದ್ದಲಕ್ಕೆ ಮಾತ್ರ ನಿಯಮ ಸ್ಪಷ್ಟವಾಗಿದೆ. 2021ರ ನವೆಂಬರಿನಲ್ಲೇ ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಸ್ಪೀಕರ್ ಹಾಕಿ ಹಾಡು, ವಿಡಿಯೊ ಕೇಳುವಂತಿಲ್ಲ ಅಂತ ಆದೇಶವಾಗಿದೆ. ಹೇಳಿದರೂ ಕೇಳದಿದ್ದರೆ ಕೆಳಗಿಳಿಸಬಹುದು. ಆದರೆ ರಾತ್ರಿ ಬಸ್ಸಿನಲ್ಲಿ ನಲವತ್ತು ಜನರ ನಿದ್ದೆ ಕೆಡಿಸುವ ಒಬ್ಬನನ್ನು ಇಳಿಸುವ ಕೆಲಸ ಪಾಪ ಯಾರು ಮಾಡಬೇಕು? ರಾತ್ರಿಯಿಡೀ ಗಾಡಿ ಓಡಿಸುವ ಡ್ರೈವರ್ರೇ? ನಲವತ್ತು ಜನರಲ್ಲಿ ನಾಲ್ಕು ಜನ "ಸ್ವಲ್ಪ ಕಡಿಮೆ ಮಾಡಪ್ಪ" ಅಂದರೆ ಅಲ್ಲಿಗೆ ಮುಗಿಯುತ್ತದೆ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಬಾಗಿಲಿಗೇ ವಾಪಸ್ ಬರುತ್ತೇನೆ. ಅದಕ್ಕೆ ಮದ್ದು ಇದೆ ಅಂತ ನಂಬಿದ್ದೇನೆ, ಯಾಕೆಂದರೆ ಅದು ಕೆಲಸ ಮಾಡುವುದನ್ನು ನೋಡಿದ್ದೇನೆ.

ದಿನಾ ಓಡಾಡುವವರಲ್ಲಿ ಕೆಲವರಿಗೆ ಒಂದು ಒಳ್ಳೆಯ ಅಭ್ಯಾಸ ಇದೆ. ಹತ್ತಿದ ಕೂಡಲೇ ಮುಂದೆ ನಿಂತವರನ್ನು "ಎಲ್ಲಿ ಇಳೀತೀರಾ?" ಅಂತ ಕೇಳುತ್ತಾರೆ. ಅಪರಿಚಿತರನ್ನು ಹೀಗೆ ಕೇಳುವುದು ಅಧಿಕಪ್ರಸಂಗ ಅಂತ ಬಸ್ಸಿನಲ್ಲಿ ಯಾರಿಗೂ ಅನ್ನಿಸುವುದಿಲ್ಲ. "ಅಗರ", "ಹಾಗಾದ್ರೆ ನೀವು ಈ ಕಡೆ ಬನ್ನಿ, ನಾನು ಬೆಳ್ಳಂದೂರು" ಅಂತ ಜಾಗ ಬದಲಾಯಿಸಿಕೊಳ್ಳುತ್ತಾರೆ. ಹತ್ತಿರದಲ್ಲಿ ಇಳಿಯುವವರು ಬಾಗಿಲ ಕಡೆ, ದೂರ ಹೋಗುವವರು ಒಳಗಡೆ. ಇನ್ನೊಂದು, ಹಿಂದಿನಿಂದ ಯಾರೋ "ಇಳಿಯೋರಿದ್ದಾರೆ" ಅಂದರೆ ಅದನ್ನು ಮುಂದಿನವರು, ಅವರ ಮುಂದಿನವರು ದಾಟಿಸುತ್ತ ಡ್ರೈವರ್ ಕಿವಿಗೆ ಮುಟ್ಟಿಸುವುದು. ದನಿ ಸಣ್ಣಗಿರುವವರಿಗೆ, ಭಾಷೆ ಬರದವರಿಗೆ ಇದು ಎಷ್ಟು ದೊಡ್ಡ ಆಸರೆ ಅಂತ ಒಮ್ಮೆ ಹೊಸ ಊರಿನ ಬಸ್ಸಿನಲ್ಲಿ ಹೋದವರಿಗೆ ಗೊತ್ತಾಗುತ್ತದೆ.

ಈಚೆಗೆ ಒಬ್ಬ ಕಂಡಕ್ಟರನ್ನು ನೋಡಿದೆ. ಐವತ್ತರ ಆಸುಪಾಸು, ಮೂಗಿನ ತುದಿಯಲ್ಲಿ ಕನ್ನಡಕ, ದನಿ ಮಾತ್ರ ಗಂಟೆ ಹೊಡೆದಂತೆ. ಎಲ್ಲರ ಹಾಗೆ "ಒಳಗೆ ಹೋಗಿ, ಒಳಗೆ ಹೋಗಿ" ಅಂತ ಅವರು ಕೂಗಲೇ ಇಲ್ಲ. "ಸಿಲ್ಕ್ ಬೋರ್ಡ್ ಆದ್ಮೇಲೆ ಇಳಿಯೋರು ಯಾರ್ಯಾರಿದ್ದೀರ, ಎಲ್ಲಾ ಮಧ್ಯಕ್ಕೆ ಬನ್ನಿ. ನಿಮ್ಮನ್ನ ಇಳಿಸೋ ಜವಾಬ್ದಾರಿ ನಂದು. ನೀವು ಇಳಿಯೋವರೆಗೂ ರೈಟ್ ಹೇಳಲ್ಲ" ಅಂದರು. ಮೊದಲು ಇಬ್ಬರು ಸರಿದರು. ಅವರನ್ನು ನೋಡಿ ಕಾಲೇಜು ಹುಡುಗಿಯರ ಒಂದು ಗುಂಪು. ಆಮೇಲೆ ಎಲ್ಲರೂ. ಅಗರ ಬಂದಾಗ ನಡುವಿನಿಂದ ಒಬ್ಬ ಅಜ್ಜಿ ಬರುವುದು ತಡವಾಯಿತು. ಡ್ರೈವರ್ ಗೇರ್ ಹಾಕುತ್ತಿದ್ದ. "ಹೋಲ್ಡಾನ್! ಅಮ್ಮ ಇಳೀತಿದ್ದಾರೆ" ಅಂತ ಕಂಡಕ್ಟರ್ ಕೂಗಿದರು. ಅಜ್ಜಿ ನಿಧಾನವಾಗಿ ಇಳಿದರು. ಮುಂದಿನ ಸ್ಟಾಪಿನಲ್ಲಿ ಯಾರನ್ನೂ ಒಳಗೆ ಹೋಗಿ ಅಂತ ಹೇಳಬೇಕಾಗಲಿಲ್ಲ.

ಒಬ್ಬ ಕಂಡಕ್ಟರ್ ತಾವೇ ಯೋಚಿಸಿ ಮಾಡಿದ್ದನ್ನು ಎಲ್ಲ ಬಸ್ಸಿನಲ್ಲೂ ಮಾಡಬಹುದು. ಹೊಸ ಬಸ್ಸುಗಳಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ದನಿ ಈಗ ಇದೆ. ಬೆಳಗ್ಗೆ, ಸಂಜೆ ರಶ್ ಹೊತ್ತಿನಲ್ಲಿ ಅದೇ ದನಿಯಲ್ಲಿ ಇನ್ನೊಂದು ವಾಕ್ಯ ಸೇರಿಸಲಿ. ದೂರ ಹೋಗುವವರು ಮಧ್ಯಕ್ಕೆ ಬನ್ನಿ, ಎಲ್ಲರೂ ಇಳಿದ ಮೇಲೆಯೇ ಬಸ್ ಹೊರಡುತ್ತದೆ ಅಂತ. ಆಮೇಲೆ ಡ್ರೈವರ್, ಕಂಡಕ್ಟರ್ ಆ ಮಾತಿನಂತೆಯೇ ನಡೆಯಲಿ. ಟ್ರಿಪ್ ಹೊತ್ತಿಗೆ ಮುಗಿಯಲಿಲ್ಲ ಅಂತ ಡಿಪೊದಲ್ಲಿ ಅವರನ್ನು ಕೇಳುವವರು ಅಜ್ಜಿ ಇಳಿಯಲು ಬೇಕಾದ ಆ ಅರ್ಧ ನಿಮಿಷವನ್ನೂ ಲೆಕ್ಕಕ್ಕೆ ಹಿಡಿಯಲಿ. ಆಗ ಗಾರ್ಮೆಂಟ್ಸ್‌ನ ಆ ಅಕ್ಕನಿಗೆ ನಾನು ಮತ್ತೆ ಒಳಗೆ ಬನ್ನಿ ಅನ್ನಬಹುದು.